ಅಮೆರಿಕದ ಪಶ್ಚಿಮದ ಪ್ರೇಮಕಾದಂಬರಿಗಳು: ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ಕುದುರೆ, ಬಂದೂಕು, ಬಯಲು, ಅವುಗಳ ನಡುವೆ ಒಂದು ಪ್ರೇಮಕಥೆ. ಇಂಥದ್ದೊಂದನ್ನು ಓದಬೇಕೆಂದು ಹೊರಟವರಿಗೆ ತಿಳಿದವರೆಲ್ಲ ಅದೇ ನಾಲ್ಕೈದು ಹೆಸರುಗಳನ್ನು ಹೇಳುತ್ತಾರೆ. ಓವೆನ್ ವಿಸ್ಟರ್ ಬರೆದ ‘ದ ವರ್ಜೀನಿಯನ್’ (1902), ಝೇನ್ ಗ್ರೇ ಬರೆದ ‘ರೈಡರ್ಸ್ ಆಫ್ ದ ಪರ್ಪಲ್ ಸೇಜ್’ (1912), ಹೆಲೆನ್ ಹಂಟ್ ಜಾಕ್ಸನ್ ಅವರ ‘ರಮೋನಾ’ (1884), ವಿಲಾ ಕ್ಯಾದರ್ ಅವರ ‘ಓ ಪಯನಿಯರ್ಸ್!’ (1913). ನಾಲ್ಕಕ್ಕೂ ‘ಕ್ಲಾಸಿಕ್’ ಎಂಬ ಒಂದೇ ಹಣೆಪಟ್ಟಿ ಅಂಟಿಕೊಂಡಿರುವುದರಿಂದ ಯಾವುದನ್ನು ತೆಗೆದುಕೊಂಡರೂ ಒಂದೇ ರುಚಿ ಸಿಕ್ಕೀತು ಎಂದು ಹೊಸ ಓದುಗರು ಭಾವಿಸುತ್ತಾರೆ. ಗುಂಡಿನ ಕಾಳಗವನ್ನು ನಿರೀಕ್ಷಿಸಿ ಕ್ಯಾದರ್ ಅವರನ್ನು ತೆರೆದವರು ಐವತ್ತು ಪುಟಗಳಾದರೂ ಬರೀ ಜೋಳ, ಗೋಧಿ, ಸಾಲದ ಮಾತೇ ಬರುತ್ತಿದೆಯಲ್ಲ ಎಂದು ಪುಸ್ತಕ ಮುಚ್ಚಿಡುತ್ತಾರೆ. ಮೃದುವಾದ ಪ್ರೇಮವನ್ನು ಅರಸಿ ಗ್ರೇಯನ್ನು ತೆರೆದವರಿಗೆ ಮೊದಲ ಅಧ್ಯಾಯದಲ್ಲೇ ಚಾವಟಿ ಎದುರಾಗುತ್ತದೆ. ಆದ್ದರಿಂದ ಆಯ್ಕೆಗೆ ಮುನ್ನ ಸ್ವಲ್ಪ ಅಳೆದು ನೋಡುವುದು ಒಳ್ಳೆಯದು.

ಈ ಕಾದಂಬರಿಗಳ ಮಾತು ಬಂದಾಗಲೆಲ್ಲ ಕೇಳಿಬರುವ ‘ಫ್ರಾಂಟಿಯರ್’ ಎಂಬ ಪದದ ಬಗ್ಗೆ ಒಂದು ಸೂಚನೆ ಅಗತ್ಯ. ಅದನ್ನು ಗಡಿನಾಡು ಎಂದು ಕನ್ನಡಿಸಿದರೆ ನಮ್ಮ ಮನಸ್ಸಿಗೆ ಬರುವುದು ಕಾಸರಗೋಡು, ಬೆಳಗಾವಿ. ಅಂದರೆ ಎರಡು ಭಾಷೆಗಳು ಮುಖಾಮುಖಿಯಾಗುವ, ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬಹುದಾದ ಜಾಗ. ಅಮೆರಿಕದವರ ಫ್ರಾಂಟಿಯರ್ ನಿಂತಲ್ಲಿ ನಿಲ್ಲದ ಗೆರೆ. ವಲಸೆ ಬಂದವರು ಜಮೀನು ಹಿಡಿಯುತ್ತ ಪಶ್ಚಿಮಕ್ಕೆ ಸರಿದಂತೆಲ್ಲ ಅದೂ ಸರಿಯಿತು. 1862ರ ಹೋಮ್‌ಸ್ಟೆಡ್ ಕಾಯಿದೆ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಕೊಡುತ್ತೇನೆಂದಿತು, 1869ರಲ್ಲಿ ರೈಲು ಎರಡು ಸಾಗರಗಳ ನಡುವಣ ನೆಲವನ್ನು ಬೆಸೆಯಿತು, 1890ರ ಜನಗಣತಿಯ ಹೊತ್ತಿಗೆ ಅಂಥದ್ದೊಂದು ಗೆರೆಯನ್ನು ಇನ್ನು ಗುರುತಿಸಲಾಗದು ಎಂದು ಸರಕಾರವೇ ಹೇಳಿತು. ಹಾಗೆ ಸರಿದ ನೆಲ ಮೊದಲಿನಿಂದ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಈ ನಾಲ್ಕರಲ್ಲಿ ಒಂದು ಕಾದಂಬರಿ ಮಾತ್ರ ನೇರವಾಗಿ ಕೇಳುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ನಾನು ಅಳೆಯುವ ಮಾನದಂಡಗಳಲ್ಲಿ ಮೊದಲನೆಯದು, ಪ್ರೇಮಿಗಳ ನಡುವೆ ಅಡ್ಡ ನಿಂತಿರುವುದು ಏನು ಎಂಬುದು. ಪಶ್ಚಿಮದ ಪ್ರೇಮಕಥೆಯಲ್ಲಿ ಇಬ್ಬರ ಮನಸ್ಸು ಕೂಡಿದರೆ ಸಾಲದು. ನೆಲ, ನೀರು, ಧರ್ಮ, ಕಾನೂನು, ಇವುಗಳಲ್ಲಿ ಯಾವುದೋ ಒಂದು ಮೂರನೆಯ ಪಾತ್ರವಾಗಿ ಕೂತಿರುತ್ತದೆ, ಕಾದಂಬರಿಯ ಸ್ವಾದವನ್ನು ನಿರ್ಧರಿಸುವುದೂ ಅದೇ. ಎರಡನೆಯದು ಇಂಗ್ಲಿಷಿನ ಕಷ್ಟ. ಈ ನಾಲ್ಕನ್ನೂ ಇಂಗ್ಲಿಷಿನಲ್ಲೇ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ; ಆಡುಮಾತಿನ ಉಚ್ಚಾರಣೆಯನ್ನು ಹಾಗೆಯೇ ಅಕ್ಷರಕ್ಕಿಳಿಸಿದ ಸಂಭಾಷಣೆ ಕೆಲವರನ್ನು ಎರಡನೇ ಅಧ್ಯಾಯದಲ್ಲೇ ಹಿಮ್ಮೆಟ್ಟಿಸಬಲ್ಲದು. ಮೂರನೆಯದು ಬೇಡುವ ಸಮಯ. ನಾಲ್ಕನೆಯದು, ಆ ಕಾಲದ ಪೂರ್ವಗ್ರಹಗಳಲ್ಲಿ ಎಷ್ಟನ್ನು ನುಂಗಿಕೊಂಡು ಮುಂದೆ ಹೋಗಬೇಕಾಗುತ್ತದೆ ಎಂಬುದು.

ಖರ್ಚಿನ ವಿಚಾರ ಒಂದೇ ಸಲಕ್ಕೆ ಮುಗಿಯುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿ ಎಲ್ಲರ ಸ್ವತ್ತಾಗುತ್ತದೆ. ಜಾಕ್ಸನ್ 1885ರಲ್ಲಿ, ವಿಸ್ಟರ್ 1938ರಲ್ಲಿ, ಗ್ರೇ 1939ರಲ್ಲಿ, ಕ್ಯಾದರ್ 1947ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಇಂಥ ಹಳೆಯ ಕೃತಿಗಳಿಗೆ ಪ್ರಕಟಣೆಯ ವರ್ಷದಿಂದ ಎಣಿಸುತ್ತಾರೆ, ಆ ಲೆಕ್ಕದಲ್ಲೂ ನಾಲ್ಕೂ ಮುಕ್ತವಾಗಿವೆ. ಹಾಗಾಗಿ ಬೆಂಗಳೂರಿನಲ್ಲಿದ್ದರೂ ಡಲ್ಲಾಸಿನಲ್ಲಿದ್ದರೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಿಂದ ಇವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು, ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣವನ್ನೂ ಕೇಳಬಹುದು. ಮುದ್ರಿತ ಪ್ರತಿಯೇ ಬೇಕೆನ್ನುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು: ಹಕ್ಕಿನ ಹಂಗಿಲ್ಲದ ಪುಸ್ತಕಗಳಾದ್ದರಿಂದ ಯಾರು ಬೇಕಾದರೂ ಮುದ್ರಿಸಿ ಮಾರುತ್ತಾರೆ, ಅಗ್ಗದ ಕೆಲವು ಪ್ರತಿಗಳಲ್ಲಿ ಅಕ್ಷರ ಸಾಸಿವೆಯಷ್ಟಿರುತ್ತದೆ, ಅಧ್ಯಾಯಗಳ ನಡುವೆ ಉಸಿರಾಡಲು ಜಾಗವಿರುವುದಿಲ್ಲ. ಒಂದು ಪುಟದ ಮಾದರಿಯನ್ನಾದರೂ ನೋಡಿ ಕೊಳ್ಳಿ.

‘ದ ವರ್ಜೀನಿಯನ್’ ಕಾದಂಬರಿಯಿಂದಲೇ ಆರಂಭಿಸೋಣ, ಏಕೆಂದರೆ ನಾವು ಸಿನಿಮಾಗಳಲ್ಲಿ ಕಂಡ ಕೌಬಾಯ್‌ನ ಅಚ್ಚು ತಯಾರಾದದ್ದು ಬಹುಮಟ್ಟಿಗೆ ಇಲ್ಲಿ. ಮಿತಭಾಷಿ, ಹೆಂಗಸರ ಮುಂದೆ ವಿನಯಿ, ಬಂದೂಕಿನಲ್ಲಿ ನಿಪುಣ, ಇಡೀ ಪುಸ್ತಕದಲ್ಲಿ ಹೆಸರೇ ಇಲ್ಲದವನು. ವಯೋಮಿಂಗಿನ ದನಗಾಹಿ ಬಯಲಿಗೆ ವರ್ಮಾಂಟಿನ ಬೆನ್ನಿಂಗ್ಟನ್ ಊರಿನಿಂದ ಶಾಲೆಯ ಉಪಾಧ್ಯಾಯಿನಿಯಾಗಿ ಮಾಲಿ ವುಡ್ ಬರುತ್ತಾಳೆ. ಸ್ವಾತಂತ್ರ್ಯಸಮರದ ಸೇನಾನಿಯ ವಂಶದವಳೆಂಬ ಹೆಮ್ಮೆಯೂ ಅವಳ ಪೆಟ್ಟಿಗೆಯಲ್ಲಿರುತ್ತದೆ. ಕುಡಿದ ಸಾರಥಿಯ ಕೈಯಲ್ಲಿ ಅವಳ ಗಾಡಿ ಹೊಳೆಯ ನಡುವೆ ವಾಲಿ ನಿಂತಾಗ ಯಾರೋ ಸವಾರನೊಬ್ಬ ಅವಳನ್ನು ಕುದುರೆಯ ಮೇಲಕ್ಕೆತ್ತಿ ದಡಕ್ಕೆ ಬಿಟ್ಟು ಹೊರಟುಬಿಡುತ್ತಾನೆ. ಅವಳ ಕರವಸ್ತ್ರವೊಂದು ಅವನಲ್ಲೇ ಉಳಿಯುತ್ತದೆ. ಅಲ್ಲಿಂದ ಶುರುವಾಗುವ ಒಲವು ಬಹಳ ನಿಧಾನ, ಬಹುಪಾಲು ಪುಸ್ತಕಗಳ ಮೂಲಕ: ಅವಳು ಸ್ಕಾಟ್, ಶೇಕ್ಸ್‌ಪಿಯರ್, ಜೇನ್ ಆಸ್ಟಿನ್ ಎಂದೆಲ್ಲ ಎರವಲು ಕೊಡುತ್ತಾಳೆ, ಅವನು ಓದಿ ಬಂದು ತನ್ನದೇ ಲೆಕ್ಕದಲ್ಲಿ ವಿಮರ್ಶೆ ಮಾಡುತ್ತಾನೆ. ಬ್ರೌನಿಂಗನ ಪದ್ಯವೊಂದರಲ್ಲಿ ಗಾಯಗೊಂಡ ಹುಡುಗ ನಗುತ್ತ ಸಾಯುವ ರೀತಿಯನ್ನು ಅವನು ಒಪ್ಪುವುದಿಲ್ಲ. ಸಾವನ್ನು ಹತ್ತಿರದಿಂದ ಕಂಡವನಿಗೆ ಅದು ಬರೀ ಆಟವಾಗಿ ತೋರುತ್ತದೆ. ಓದು ಬರಹ ಬಲ್ಲವಳು ಕಲಿಸಲು ಹೋಗಿ ತಾನೇ ಉತ್ತರ ತೋಚದೆ ಕೂರುವ ಈ ಸಂಭಾಷಣೆಗಳು, ನನ್ನ ಮಟ್ಟಿಗೆ, ಪುಸ್ತಕದ ಕೊನೆಯ ಗುಂಡಿನ ಕಾಳಗಕ್ಕಿಂತ ಹೆಚ್ಚು ರೋಚಕ.

ಇಲ್ಲಿ ಪ್ರೇಮಿಗಳ ನಡುವಿನ ಅಡ್ಡಗೋಡೆ ಮರ್ಯಾದೆಯ ಕಲ್ಪನೆ. ಅವನ ಆಪ್ತಮಿತ್ರ ಸ್ಟೀವ್ ದನಗಳ್ಳತನದಲ್ಲಿ ಸಿಕ್ಕಿಬೀಳುತ್ತಾನೆ, ಕೋರ್ಟು ಕಚೇರಿಗಳ ಹಂಗಿಲ್ಲದೆ ಅವನನ್ನು ಮರಕ್ಕೆ ನೇತುಹಾಕುವ ಗುಂಪಿನ ಮುಂದಾಳು ನಾಯಕನೇ. ಮಾಲಿ ಇದನ್ನು ತಿಳಿದು ಕುಸಿದಾಗ, ನ್ಯಾಯಾಧೀಶ ಹೆನ್ರಿ ಅದು ಏಕೆ ಸರಿ ಎಂದು ಅವಳಿಗೆ ಪುಟಗಟ್ಟಲೆ ವಿವರಿಸುತ್ತಾರೆ. ಓದುಗರು ಇಲ್ಲಿ ಎಚ್ಚರದಿಂದಿರಬೇಕು. ವಯೋಮಿಂಗಿನ ದೊಡ್ಡ ದನದ ಮಾಲೀಕರು 1892ರಲ್ಲಿ ಬಾಡಿಗೆ ಬಂಟರನ್ನು ಕಟ್ಟಿಕೊಂಡು ಜಾನ್ಸನ್ ಕೌಂಟಿಯ ಸಣ್ಣ ಹಿಡುವಳಿದಾರರ ಮೇಲೆ ನುಗ್ಗಿದ್ದು ಇತಿಹಾಸ; ವಿಸ್ಟರನ ಒಲವು ದೊಡ್ಡ ಮಾಲೀಕರ ಕಡೆಗೇ ಇತ್ತು, ನ್ಯಾಯಾಧೀಶರ ಆ ವಾದದ ಹಿಂದೆ ಅದು ಕೆಲಸ ಮಾಡುತ್ತಿದೆ. ಮಿತ್ರ ಥಿಯೊಡೋರ್ ರೂಸ್ವೆಲ್ಟ್‌ಗೆ ಅರ್ಪಿತವಾದ ಈ ಪುಸ್ತಕದಲ್ಲಿ ಗಂಡಸುತನದ ವೈಭವೀಕರಣವೂ ಧಾರಾಳವಾಗಿದೆ. ಮೂವತ್ತಾರು ಅಧ್ಯಾಯಗಳು, ದಕ್ಷಿಣದ ಎಳೆದಾಡುವ ಉಚ್ಚಾರಣೆಯಲ್ಲಿ ಬರೆದ ಸಂಭಾಷಣೆ, ಆಗಾಗ ಕಥೆಯಿಂದ ಜಾರಿ ಬೇರೆ ಪ್ರಸಂಗಕ್ಕೆ ಹೊರಳುವ ನಿರೂಪಕ. ಕುಣಿತದ ರಾತ್ರಿ ಮಲಗಿಸಿದ್ದ ಕೂಸುಗಳ ಬಟ್ಟೆಗಳನ್ನು ಅದಲುಬದಲು ಮಾಡಿ, ತಾಯಂದಿರು ಮೈಲಿಗಟ್ಟಲೆ ದೂರ ಹೋದ ಮೇಲೆ ಬೇರೆಯವರ ಕೂಸು ತಂದಿದ್ದೇವೆಂದು ಗಾಬರಿಗೊಳ್ಳುವ ಪ್ರಸಂಗವನ್ನು ಯಾರೂ ಮರೆಯಲಾರರು. ಅದೇ ಲೇಖಕ ಒಂದು ಕೋಳಿಗೆ ಒಂದು ಅಧ್ಯಾಯ ಮೀಸಲಿಟ್ಟಾಗ ಮಾತ್ರ ತಾಳ್ಮೆ ಬೇಕಾಗುತ್ತದೆ. ಹಾಸ್ಯ ಇಷ್ಟಪಡುವವರಿಗೆ, ಪ್ರೇಮ ಕೊನೆಗೆ ಮದುವೆಯಲ್ಲೇ ನಿಲ್ಲಬೇಕೆನ್ನುವವರಿಗೆ ಇದು ಹೊಂದುತ್ತದೆ.

ಝೇನ್ ಗ್ರೇಯ ಪುಸ್ತಕ ಬೇರೆಯೇ ಜಾತಿಯದು. ವಿಸ್ಟರ್ ಕಥೆ ಹೇಳುತ್ತ ಕೂರುತ್ತಾನೆ, ಗ್ರೇ ಓಡಿಸುತ್ತಾನೆ. 1871, ದಕ್ಷಿಣ ಯೂಟಾ, ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಕಾಟನ್‌ವುಡ್ಸ್ ಹಳ್ಳಿ. ತಂದೆಯಿಂದ ಬಂದ ದೊಡ್ಡ ಆಸ್ತಿಗೆ ಜೇನ್ ವಿದರ್‌ಸ್ಟೀನ್ ಒಬ್ಬಳೇ ಒಡತಿ, ಇಡೀ ಊರಿಗೆ ನೀರುಣಿಸುವ ಚಿಲುಮೆಯೂ ಅವಳದೇ. ಊರಿನ ಧರ್ಮಾಧಿಕಾರಿ ಟಲ್, ಮನೆಯಲ್ಲಿ ಹೆಂಡತಿಯರಿದ್ದರೂ ಇವಳನ್ನೂ ಮದುವೆಯಾಗಬೇಕೆನ್ನುತ್ತಾನೆ. ಅವನಿಗೆ ಬೇಕಾದದ್ದು ಹೆಣ್ಣೋ ನೀರೋ ಎಂಬ ಅನುಮಾನ ಓದುಗರಿಗೆ ಮೊದಲ ಅಧ್ಯಾಯದಲ್ಲೇ ಹುಟ್ಟುತ್ತದೆ. ಬೇರೆ ಮತದ ಯುವಕ ವೆಂಟರ್ಸ್‌ನೊಡನೆ ಅವಳಿಗಿರುವ ಸ್ನೇಹವನ್ನು ನೆಪಮಾಡಿಕೊಂಡು ಅವನನ್ನು ಚಾವಟಿಯಿಂದ ಹೊಡೆಸಲು ಟಲ್ ಸಿದ್ಧನಾಗುತ್ತಾನೆ. ಜೇನ್ ಸೇಜ್ ಪೊದೆಗಳ ನೇರಳೆ ಇಳಿಜಾರಿನತ್ತ ನೋಡಿ ಸಹಾಯಕ್ಕಾಗಿ ಪ್ರಾರ್ಥಿಸುತ್ತಾಳೆ, ಅಲ್ಲಿ ಕಪ್ಪು ಉಡುಪಿನ ಸವಾರನೊಬ್ಬ ಕಾಣಿಸಿಕೊಳ್ಳುತ್ತಾನೆ. ಲ್ಯಾಸಿಟರ್. ಅವನು ಹುಡುಕಿಕೊಂಡು ಬಂದಿರುವುದು ಒಂದು ಸಮಾಧಿಯನ್ನು.

ಈ ಪುಸ್ತಕದಲ್ಲಿ ಎರಡು ಪ್ರೇಮಕಥೆಗಳು ಹೆಣೆದುಕೊಂಡಿವೆ. ಲ್ಯಾಸಿಟರನ ಸೊಂಟದ ಬಂದೂಕುಗಳನ್ನು ಬಿಚ್ಚಿಸಲು ಜೇನ್ ಮೊದಲು ಬೇಕೆಂದೇ ಮಾಡುವ ಒಲಿಸಾಟ ಬರಬರುತ್ತ ನಿಜವಾಗುತ್ತದೆ. ಇನ್ನೊಂದರಲ್ಲಿ ವೆಂಟರ್ಸ್ ಮುಖವಾಡದ ಸವಾರನಿಗೆ ಗುಂಡು ಹಾರಿಸಿ, ಬಳಿ ಹೋಗಿ ನೋಡಿದರೆ ಅದು ಹುಡುಗಿ. ಅವಳನ್ನು ಬಂಡೆಗಳ ನಡುವಣ ಗುಪ್ತ ಕಣಿವೆಗೆ ಹೊತ್ತೊಯ್ದು ಉಪಚರಿಸುತ್ತಾನೆ. ಕಾಕತಾಳೀಯಗಳು ಅತಿಯೆನಿಸುತ್ತವೆ, ಸೂರ್ಯಾಸ್ತಗಳು ತೀರ ಹೆಚ್ಚು. ಮೊದಲ ಓದಿನಲ್ಲಿ ನಾನು ವರ್ಣನೆಯ ಪ್ಯಾರಾಗಳನ್ನು ಹಾರಿಸಿ ಓದಿದೆ, ಎರಡನೆಯ ಓದಿನಲ್ಲಿ ಅವನ್ನೇ ನಿಧಾನವಾಗಿ ಓದಿದೆ. ಕೆರಳಿ ಓಡುವ ದನಗಳ ಮಂದೆಯನ್ನು ಲ್ಯಾಸಿಟರ್ ಒಬ್ಬನೇ ಕುದುರೆಯ ಮೇಲೆ ಬೆನ್ನಟ್ಟಿ, ಮುಂಚೂಣಿಯನ್ನು ಬಾಗಿಸಿ ಬಾಗಿಸಿ ಕೊನೆಗೆ ಇಡೀ ಮಂದೆ ಗಾಣದೆತ್ತಿನಂತೆ ತನ್ನ ಸುತ್ತಲೇ ಸುತ್ತುವಂತೆ ಮಾಡುವ ದೃಶ್ಯಕ್ಕೆ ಸಮನಾದದ್ದು ಉಳಿದ ಮೂರು ಪುಸ್ತಕಗಳಲ್ಲಿಲ್ಲ. ಭಾಷೆ ವಿಸ್ಟರನದಕ್ಕಿಂತ ಸುಲಭ, ಇಪ್ಪತ್ತಮೂರು ಅಧ್ಯಾಯಗಳು ಬೇಗ ಉರುಳುತ್ತವೆ. ನುಂಗಬೇಕಾದ ತುತ್ತು ಯಾವುದೆಂದರೆ, ಇಲ್ಲಿ ಅಧಿಕಾರದಲ್ಲಿರುವ ಮಾರ್ಮನ್ ಪುರುಷರೆಲ್ಲ ಹೆಚ್ಚು ಕಡಿಮೆ ಖಳರೇ. ಬಹುಪತ್ನಿತ್ವವನ್ನು ಆ ಪಂಥ 1890ರಲ್ಲಿ ಅಧಿಕೃತವಾಗಿ ಕೈಬಿಟ್ಟಿತ್ತು, ಗ್ರೇ ಬರೆದದ್ದು ಅದಾಗಿ ಇಪ್ಪತ್ತು ವರ್ಷಗಳ ಮೇಲೆ. ಅಂದಿನ ಜನಪ್ರಿಯ ದ್ವೇಷಕ್ಕೆ ಕಾದಂಬರಿ ಗಾಳಿ ಹಾಕಿತೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಒಬ್ಬ ಹೆಣ್ಣು ತನ್ನ ಶ್ರದ್ಧೆಯನ್ನು ಬಿಡಲಾರದೆ, ಆ ಶ್ರದ್ಧೆಯ ಹೆಸರಿನಲ್ಲಿ ತನ್ನನ್ನು ಕಿತ್ತುತಿನ್ನುವವರನ್ನು ಒಪ್ಪಲಾರದೆ ಒದ್ದಾಡುವುದನ್ನು ಗ್ರೇ ಚೆನ್ನಾಗಿ ಹಿಡಿದಿದ್ದಾನೆ. ಕೊನೆಯ ಪುಟ ಏನೆಂದು ಹೇಳುವುದಿಲ್ಲ. ಯಾರೂ ಹೇಳದಂತೆ ನೋಡಿಕೊಳ್ಳಿ.

‘ರಮೋನಾ’ ನಾಲ್ಕರಲ್ಲಿ ಹಳೆಯದು, ಮೇಲೆ ಹೇಳಿದ ಪ್ರಶ್ನೆಯನ್ನು ಕೇಳುವುದೂ ಇದೇ. ಮೆಕ್ಸಿಕೊದೊಡನೆ 1846ರಿಂದ 1848ರವರೆಗೆ ನಡೆದ ಯುದ್ಧದಲ್ಲಿ ಕ್ಯಾಲಿಫೋರ್ನಿಯ ಅಮೆರಿಕದ ಪಾಲಾದ ಮೇಲೆ ಹಳೆಯ ಸ್ಪ್ಯಾನಿಷ್ ಮನೆತನಗಳು ಜಮೀನು ಕಳೆದುಕೊಂಡವು, ಮೂಲನಿವಾಸಿಗಳು ಊರುಗಳನ್ನೇ ಕಳೆದುಕೊಂಡರು. ಜಾಕ್ಸನ್ 1881ರಲ್ಲಿ ಮೂಲನಿವಾಸಿಗಳಿಗೆ ಸರಕಾರ ಮಾಡಿದ ಮೋಸಗಳನ್ನು ದಾಖಲಿಸಿ ಒಂದು ಪುಸ್ತಕ ಪ್ರಕಟಿಸಿದ್ದರು, 1883ರಲ್ಲಿ ಸರಕಾರಕ್ಕೇ ವರದಿ ಕೊಟ್ಟಿದ್ದರು. ಎರಡರಿಂದಲೂ ಏನೂ ಆಗದಿದ್ದಾಗ ಕಥೆಯ ದಾರಿ ಹಿಡಿದರು. ಸ್ಕಾಟಿಷ್ ತಂದೆಗೂ ಮೂಲನಿವಾಸಿ ತಾಯಿಗೂ ಹುಟ್ಟಿ, ಸೆನ್ಯೋರಾ ಮೊರೇನೊ ಮನೆಯಲ್ಲಿ ಬೆಳೆದ ರಮೋನಾ, ಕುರಿಗಳ ಉಣ್ಣೆ ಕತ್ತರಿಸಲು ತಂಡ ಕಟ್ಟಿಕೊಂಡು ಬರುವ ಅಲೆಸಾಂಡ್ರೊನನ್ನು ಮೆಚ್ಚುತ್ತಾಳೆ. ಅವನು ಅವಳನ್ನು ಮೊದಲು ಕಾಣುವುದು ಸಂಜೆಯ ಬೆಳಕಿನಲ್ಲಿ, ತೊರೆಯ ಬಳಿ. ಕೆಲಸದ ಹುಡುಗಿಯ ಅಜಾಗರೂಕತೆಯಿಂದ ಹರಿದ ಪೂಜಾವೇದಿಕೆಯ ವಸ್ತ್ರವನ್ನು ಯಾರಿಗೂ ಗೊತ್ತಾಗದಂತೆ ಒಗೆದು ಹೊಲಿದಿಡಬೇಕೆಂದು ಅವಳು ಬಗ್ಗಿ ಕಲೆ ತೊಳೆಯುತ್ತಿರುತ್ತಾಳೆ. ಮನೆಯೊಡತಿಯ ಕೋಪದ ಭಯ, ಕೆಲಸದವಳ ಮೇಲಿನ ಕರುಣೆ, ಒದ್ದೆ ಕೈಗಳು, ಎಲ್ಲ ಒಟ್ಟಿಗೆ ಇರುವ ಆ ಸಣ್ಣ ಚಿತ್ರದಲ್ಲಿ ಇಡೀ ಪಾತ್ರ ಸಿಕ್ಕಿಬಿಡುತ್ತದೆ.

ಇಲ್ಲಿ ಪ್ರೇಮಕ್ಕೆ ಅಡ್ಡ ಬರುವುದು ಮೊದಲು ಕುಲ, ಆಮೇಲೆ ಕಾನೂನು. ಅಲೆಸಾಂಡ್ರೊನ ಊರು ಟೆಮೆಕ್ಯುಲವೇ ಕೋರ್ಟಿನ ಕಾಗದದ ಮೇಲೆ ಬೇರೆಯವರ ಪಾಲಾಗುತ್ತದೆ, ದಂಪತಿ ಒಂದೂರಿನಿಂದ ಇನ್ನೊಂದೂರಿಗೆ ಸರಿಯುತ್ತ ಬೆಟ್ಟದ ನೆತ್ತಿ ಸೇರುತ್ತಾರೆ. ಕೊನೆಗೆ ಬರುವ ಕೊಲೆಯ ಹಿಂದೆ 1883ರಲ್ಲಿ ನಿಜವಾಗಿ ನಡೆದ ಘಟನೆಯಿದೆ: ಕುದುರೆಯ ವಿಚಾರವಾಗಿ ಕಹುಯಿಯ ಸಮುದಾಯದ ಹ್ವಾನ್ ಡಿಯೇಗೊನನ್ನು ಬಿಳಿಯನೊಬ್ಬ ಗುಂಡಿಟ್ಟು ಕೊಂದು, ಆತ್ಮರಕ್ಷಣೆಯೆಂದು ಹೇಳಿ ಪಾರಾಗಿದ್ದ. ಇಪ್ಪತ್ತಾರು ಅಧ್ಯಾಯಗಳ ಈ ಪುಸ್ತಕದ ಮೊದಲ ಮೂರನೇ ಒಂದು ಭಾಗ ಮಂದಗತಿಯದು, ಭಾವುಕತೆ ಅಲ್ಲಲ್ಲಿ ಸುರಿಯುತ್ತದೆ, ಸ್ಪ್ಯಾನಿಷ್ ಜಮೀನ್ದಾರಿ ಬದುಕನ್ನು ಲೇಖಕಿ ಇದ್ದದ್ದಕ್ಕಿಂತ ಸಿಹಿಯಾಗಿ ಬಣ್ಣಿಸಿದ್ದಾರೆ. ಇದರ ಫಲವೂ ವಿಚಿತ್ರವಾಯಿತು. ಓದುಗರು ಅನ್ಯಾಯಕ್ಕೆ ಕೆರಳುವ ಬದಲು ಆ ಸಿಹಿಗೆ ಮರುಳಾದರು, ರಮೋನಾ ಇದ್ದ ಮನೆ ಯಾವುದೆಂದು ಹುಡುಕುತ್ತ ಪ್ರವಾಸಿಗರು ದಕ್ಷಿಣ ಕ್ಯಾಲಿಫೋರ್ನಿಯಕ್ಕೆ ಹರಿದು ಬಂದರು, ಹೆಮೆಟ್ ಊರಿನಲ್ಲಿ 1923ರಲ್ಲಿ ಇದರ ಬಯಲು ನಾಟಕವೂ ಶುರುವಾಯಿತು. ಅತ್ತು ಹಗುರಾಗಬೇಕೆನ್ನುವವರಿಗೆ, ಪ್ರೇಮಕಥೆಯ ಜತೆಗೆ ಇತಿಹಾಸದ ಮತ್ತೊಂದು ಮಗ್ಗುಲು ಬೇಕೆನ್ನುವವರಿಗೆ ಇದನ್ನೇ ಕೊಡುತ್ತೇನೆ. ದಣಿದು ಬಂದ ರಾತ್ರಿಗಳಲ್ಲಿ ಓದಲು ಮಾತ್ರ ಹೇಳಲಾರೆ.

‘ಓ ಪಯನಿಯರ್ಸ್!’ನಲ್ಲಿ ಕೌಬಾಯ್ ಇಲ್ಲ, ದನಗಳ್ಳರಿಲ್ಲ. ಇದು ಪಶ್ಚಿಮದ ಕಾದಂಬರಿಯೇ ಎಂದು ಕೇಳುವವರೂ ಇದ್ದಾರೆ. ನೆಬ್ರಾಸ್ಕದ ಹುಲ್ಲುಗಾವಲಿನ ಮೇಲೆ ಮೊದಲ ನೇಗಿಲು ಊರಿದವರ ಕಥೆ ಫ್ರಾಂಟಿಯರ್ ಅಲ್ಲದಿದ್ದರೆ ಇನ್ಯಾವುದು? ಕ್ಯಾದರ್ ತಾವೇ 1883ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ವರ್ಜೀನಿಯದಿಂದ ಅಲ್ಲಿಗೆ ಬಂದವರು. ಕಾದಂಬರಿ ಆರಂಭವಾಗುವುದು ಹ್ಯಾನೋವರ್ ಎಂಬ ಪುಟ್ಟ ಪೇಟೆಯಲ್ಲಿ, ಊರೇ ಹಾರಿಹೋದೀತೆಂಬಂಥ ಚಳಿಗಾಳಿಯ ದಿನ. ಪುಟ್ಟ ಹುಡುಗನೊಬ್ಬ ಅಳುತ್ತ ನಿಂತಿದ್ದಾನೆ, ಅವನ ಬೆಕ್ಕಿನ ಮರಿ ನಾಯಿಗೆ ಹೆದರಿ ತಂತಿಕಂಬದ ತುದಿ ಹತ್ತಿದೆ. ಅಕ್ಕ ಅಲೆಕ್ಸಾಂಡ್ರಾ ಬಂದು ಗೆಳೆಯ ಕಾರ್ಲ್‌ನನ್ನು ಕರೆತರುತ್ತಾಳೆ, ಅವನು ಕಂಬ ಹತ್ತಿ ಮರಿಯನ್ನು ಇಳಿಸುತ್ತಾನೆ. ಅಷ್ಟೇ. ಈ ಇಬ್ಬರ ಪ್ರೇಮಕ್ಕೆ ಮುಂದೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಸ್ವೀಡನ್ನಿನಿಂದ ಬಂದ ತಂದೆ ಸಾಯುವಾಗ ಗಂಡುಮಕ್ಕಳಿದ್ದರೂ ಬೇಸಾಯದ ಯಜಮಾನಿಕೆಯನ್ನು ಮಗಳಿಗೆ ವಹಿಸುತ್ತಾನೆ. ಬರಗಾಲಕ್ಕೆ ಹೆದರಿ ಅಕ್ಕಪಕ್ಕದವರು ಜಮೀನು ಮಾರಿ ಹೊರಟಾಗ ಅವಳು ಇದ್ದದ್ದನ್ನು ಅಡವಿಟ್ಟು ಮತ್ತಷ್ಟು ಕೊಳ್ಳುತ್ತಾಳೆ. ಅವಳು ಸಿರಿವಂತಳಾಗಿ ನಲವತ್ತು ಮುಟ್ಟುವ ಹೊತ್ತಿಗೆ, ಊರು ಬಿಟ್ಟಿದ್ದ ಕಾರ್ಲ್ ಮರಳಿ ಬಂದರೆ ತಮ್ಮಂದಿರು ತಡೆಯುತ್ತಾರೆ: ಅವನು ಬಂದಿರುವುದು ಆಸ್ತಿಗಾಗಿ, ಪತ್ರ ಯಾರ ಹೆಸರಿನಲ್ಲಿದ್ದರೂ ಮನೆತನದ ಸ್ವತ್ತು ಗಂಡಸರಿಗೇ ಸೇರಿದ್ದು ಎಂಬುದು ಅವರ ವಾದ. ಈ ಮಾತನ್ನು ನಮ್ಮ ಯಾವ ಊರಿನ ಜಗಲಿಯ ಮೇಲೂ ಕೇಳಬಹುದು, ಬಹುಶಃ ಅದಕ್ಕೇ ಈ ಪುಸ್ತಕ ನಾಲ್ಕರಲ್ಲಿ ನಮಗೆ ಹೆಚ್ಚು ಹತ್ತಿರವೆನಿಸುತ್ತದೆ. ಮಲ್ಬರಿ ಮರದಡಿಯ ಇನ್ನೊಂದು, ಎಳೆಯ ವಯಸ್ಸಿನ ಪ್ರೇಮವೂ ಇದೆ. ಅದು ಅಷ್ಟು ಶಾಂತವಾಗಿ ಮುಗಿಯುವುದಿಲ್ಲ. ಭಾಷೆ ತಿಳಿನೀರಿನಂತಿದೆ, ನಾಲ್ಕರಲ್ಲಿ ಇದೇ ಚಿಕ್ಕದು, ಎರಡು ಮೂರು ದಿನಗಳಲ್ಲಿ ಮುಗಿಸಬಹುದು. ಕೊರತೆಯೆಂದರೆ ಆ ಹುಲ್ಲುಗಾವಲಿನ ಮೊದಲಿನ ಒಡೆಯರು ಇದರಲ್ಲಿ ಇಲ್ಲವೇ ಇಲ್ಲ; ನೆಲ ಇವರಿಗಾಗಿಯೇ ಖಾಲಿಯಾಗಿ ಕಾದಿತ್ತೆಂಬ ಭಾವ ಪುಸ್ತಕದುದ್ದಕ್ಕೂ ಇದೆ. ‘ರಮೋನಾ’ ಓದಿದ ಮೇಲೆ ಇದನ್ನು ಓದಿದರೆ ಆ ಮೌನ ಕಿವಿಗೆ ಬೀಳುತ್ತದೆ.

ಸ್ವಲ್ಪ ಹಣ ಖರ್ಚು ಮಾಡಲು ಸಿದ್ಧರಿರುವವರಿಗೆ, ಹಕ್ಕು ಇನ್ನೂ ಉಳಿದಿರುವ ಎರಡು ಪುಸ್ತಕಗಳಿವೆ. ಜ್ಯಾಕ್ ಶೇಫರನ ‘ಶೇನ್’ (1949) ಒಂದು ಭಾನುವಾರಕ್ಕೆ ಸಾಕು. 1889ರ ವಯೋಮಿಂಗಿನಲ್ಲಿ ಸಂಸಾರವೊಂದರ ಮನೆಗೆ ಬರುವ ಅಪರಿಚಿತನಿಗೂ ಮನೆಯೊಡತಿಗೂ ನಡುವೆ ಬಾಯಿಬಿಟ್ಟು ಹೇಳದ ಒಲವಿದೆ, ಅದನ್ನು ಅರ್ಥವಾಗದ ಚಿಕ್ಕ ಹುಡುಗನ ಕಣ್ಣಿನಿಂದ ಕಾಣಿಸಿದ್ದಾನೆ. ಕಡಿಮೆ ಮಾತನ್ನು ಮೆಚ್ಚುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಲ್ಯಾರಿ ಮೆಕ್‌ಮರ್ಟ್ರಿಯ ‘ಲೋನ್‌ಸಮ್ ಡವ್’ (1985) ಇದಕ್ಕೆ ತದ್ವಿರುದ್ಧ: ಎಂಟುನೂರಕ್ಕೂ ಹೆಚ್ಚು ಪುಟಗಳು, ಟೆಕ್ಸಾಸಿನಿಂದ ಮೊಂಟಾನದವರೆಗೆ ದನ ಹೊಡೆದುಕೊಂಡು ಹೋಗುವ ಪಯಣ, 1986ರ ಪುಲಿಟ್ಜರ್ ಪ್ರಶಸ್ತಿ. ಇದನ್ನು ಪ್ರೇಮಕಾದಂಬರಿ ಎಂದು ಕರೆಯಲು ಹಿಂಜರಿಯುತ್ತೇನೆ, ಆದರೆ ನಾಯಕರಲ್ಲೊಬ್ಬನಾದ ಗಸ್ ತನ್ನನ್ನು ಹಿಂದೊಮ್ಮೆ ನಿರಾಕರಿಸಿದ ಕ್ಲಾರಾಳ ಮನೆಬಾಗಿಲಿಗೆ ಇಷ್ಟು ವರ್ಷಗಳ ಮೇಲೆ ಬಂದು ನಿಲ್ಲುವ ಭಾಗ ಮೇಲಿನ ನಾಲ್ಕು ಪುಸ್ತಕಗಳ ಯಾವ ಪ್ರೇಮಪ್ರಸಂಗಕ್ಕೂ ಕಡಿಮೆಯಲ್ಲ. ಮೊದಲ ಪುಸ್ತಕವಾಗಿ ಇದನ್ನು ತೆಗೆದುಕೊಳ್ಳಬೇಡಿ. ಹಳೆಯ ಕೌಬಾಯ್ ಅಚ್ಚನ್ನು ಮೆಕ್‌ಮರ್ಟ್ರಿ ಎಲ್ಲೆಲ್ಲಿ ಒಡೆಯುತ್ತಾನೆಂದು ಕಾಣಬೇಕಾದರೆ ಆ ಅಚ್ಚನ್ನು ವಿಸ್ಟರನಲ್ಲಿ ನೋಡಿರಬೇಕು.

ಹಾಗಾದರೆ ಯಾರಿಗೆ ಯಾವುದು? ಇಂಗ್ಲಿಷ್ ಕಾದಂಬರಿ ಓದುವ ರೂಢಿ ಈಗಷ್ಟೇ ಹತ್ತುತ್ತಿರುವ ಕಾಲೇಜು ವಿದ್ಯಾರ್ಥಿಗೆ ಗ್ರೇಯನ್ನೇ ಕೊಡಬೇಕು, ಪುಟ ತಿರುವಿಸುವ ಗುಣ ಅವನಲ್ಲಿದೆ. ಹಳ್ಳಿಯ ಜಮೀನು, ದಾಯಾದಿ ಜಗಳ, ಹೆಣ್ಣಿನ ಯಜಮಾನಿಕೆ ಇವನ್ನೆಲ್ಲ ಕಣ್ಣಾರೆ ಕಂಡವರಿಗೆ ಕ್ಯಾದರ್. ಓದುವುದಕ್ಕಿಂತ ಕೇಳುವುದೇ ಅನುಕೂಲ ಎನ್ನುವವರಿಗೆ ‘ದ ವರ್ಜೀನಿಯನ್’, ಏಕೆಂದರೆ ಕಾಗದದ ಮೇಲೆ ತೊಡಕಾಗುವ ಆ ಉಚ್ಚಾರಣೆ ಒಳ್ಳೆಯ ಓದುಗನ ಬಾಯಲ್ಲಿ ಸರಾಗವಾಗುತ್ತದೆ. ಗೆಳೆಯರ ಗುಂಪಿನಲ್ಲಿ ಓದಿ ಚರ್ಚಿಸುವವರು ‘ರಮೋನಾ’ ಆರಿಸಿಕೊಳ್ಳಲಿ. ಒಳ್ಳೆಯ ಉದ್ದೇಶದ ಪುಸ್ತಕ ಒಳ್ಳೆಯ ಪುಸ್ತಕವೂ ಆಗುತ್ತದೆಯೇ ಎಂಬುದರ ಮೇಲೆ ಒಂದು ಸಂಜೆ ಜಗಳವಾಡಬಹುದು. ಇಷ್ಟಾದರೂ ಮನಸ್ಸು ತೂಗಾಡುತ್ತಿದ್ದರೆ ಗ್ರೇ ಮತ್ತು ಕ್ಯಾದರ್ ಇಬ್ಬರ ಮೊದಲ ಅಧ್ಯಾಯಗಳನ್ನು ಒಂದೇ ದಿನ ಓದಿ. ಚಾವಟಿಯೆತ್ತಿದ ಆ ಅಂಗಳಕ್ಕೆ ಮರಳಬೇಕೆನಿಸಿತೋ, ತಂತಿಕಂಬದ ಮೇಲಿನ ಬೆಕ್ಕಿನ ಮರಿಯೇ ಕಣ್ಣಮುಂದೆ ಉಳಿಯಿತೋ, ರಾತ್ರಿ ಮಲಗುವ ಹೊತ್ತಿಗೆ ಗೊತ್ತಾಗಿರುತ್ತದೆ.